ಸೀಮೆಸುಣ್ಣದ ಸಂಖ್ಯೆ, ಉಳಿಯ ಗೀರು

2022ರ ಮೇ ತಿಂಗಳ ಒಂದು ರಾತ್ರಿ ಸುರಿದ ಮಳೆ ನಮ್ಮ ಹೆಬ್ಬಾಗಿಲಿನ ಲೆಕ್ಕವನ್ನೆಲ್ಲ ತೊಳೆದುಹಾಕಿತು.

ಮಳೆಗಾಲಕ್ಕೆ ಇನ್ನೂ ಎರಡು ವಾರ ಇದೆ ಎಂಬ ನಂಬಿಕೆಯಲ್ಲಿ, ರಸ್ತೆಗೆ ಜಾಗ ಬಿಟ್ಟು ಹಿಂದೆ ಸರಿಸಿ ಕಟ್ಟಲೆಂದು ಬಿಚ್ಚಿದ ಹೆಬ್ಬಾಗಿಲಿನ ಮರಗಳನ್ನು ಅಂಗಳದ ಅಂಚಿನಲ್ಲಿ ತೆಂಗಿನ ಬುಡದ ಉದ್ದಕ್ಕೂ ಮಲಗಿಸಿದ್ದೆವು. ಒಟ್ಟು 143 ತುಂಡು. ನಾಲ್ಕು ಕಂಬ, ಅವುಗಳ ತಲೆಯ ಮೇಲಿನ ಬೋದಿಗೆ, ತೊಲೆ, ದಾರಂದ, ಎರಡು ಕದ, ಮುಚ್ಚಿಗೆಯ ಹಲಗೆ, ಛಾವಣಿಯ ಇಳಿಜಾರಿಗೆ ಹಾಕುವ ಮೂವತ್ತಾರು ಪಕ್ಕಾಸು. ಒಂದೊಂದರ ಮೇಲೂ ನಾನೇ ಕೂತು ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದಿದ್ದೆ. ರಾತ್ರಿ ಹನ್ನೊಂದರ ಹೊತ್ತಿಗೆ ಮೂಡಣ ದಿಕ್ಕಿನಲ್ಲಿ ಗುಡುಗಿತು. ಮಾವ ಫೋನ್ ಮಾಡಿ "ಮರಗಳೆಲ್ಲ ಹೊರಗೆ ಇವೆಯಲ್ಲ" ಎಂದರು. ನಾನು ಉಡುಪಿಯಲ್ಲಿದ್ದೆ. ಬೈಕ್ ಹತ್ತಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ಟಾರ್ಪಾಲು ಹೊದೆಸಿದ್ದಾಯಿತು, ಆದರೆ ತಡವಾಗಿತ್ತು. ಬೆಳಿಗ್ಗೆ ನೋಡಿದರೆ ಮರಗಳು ಮಿಂದೆದ್ದ ಹಾಗೆ ಫಳಫಳ ಹೊಳೆಯುತ್ತಿವೆ, ಒಂದರ ಮೇಲೂ ಒಂದು ಅಂಕೆ ಇಲ್ಲ.

ನನ್ನ ಬಳಿ ನಕ್ಷೆ ಇತ್ತು. ಯಾವ ಸಂಖ್ಯೆಯ ತುಂಡು ಎಲ್ಲಿ ಕೂರಬೇಕು ಎಂಬುದು ಅದರಲ್ಲಿ ಚೊಕ್ಕವಾಗಿ ಇತ್ತು. ಆದರೆ ಮೂವತ್ತಾರು ಪಕ್ಕಾಸುಗಳಲ್ಲಿ ಹದಿನೇಳನೆಯದು ಯಾವುದು ಎಂದು ನಕ್ಷೆ ಹೇಳುವುದಿಲ್ಲ. ಕಣ್ಣಿಗೆ ಎಲ್ಲವೂ ಒಂದೇ. ಕೂರಿಸಹೊರಟರೆ ಒಂದು ಅರ್ಧ ಬೆರಳು ಉದ್ದ, ಇನ್ನೊಂದು ಕಾಲು ಬೆರಳು ಗಿಡ್ಡ. ಆ ಬೆಳಿಗ್ಗೆ ಜಗಲಿಯ ಮೇಲೆ ಕೂತು ನಾನು ಅತ್ತದ್ದು ನಿಜ. ನನ್ನ ವಯಸ್ಸು ಆಗ ನಲವತ್ತೊಂಬತ್ತು.

ಇದು ಉಡುಪಿಯಿಂದ ಪೂರ್ವಕ್ಕಿರುವ ನಮ್ಮ ಅಜ್ಜಿಮನೆಯ ವಿಷಯ. ಊರಿನವರು ಗುತ್ತಿನ ಮನೆ, ಎಂದರೆ ಜಮೀನಿದ್ದ ಹಿರಿಯ ಕುಟುಂಬದ ಮನೆ, ಎನ್ನುತ್ತಾರೆ. ನಮ್ಮದು ಅಳಿಯಸಂತಾನದ ಕುಟುಂಬ, ಆಸ್ತಿ ಇಳಿಯುವುದು ತಾಯಿಯ ಕಡೆಯಿಂದ. ಮನೆ ಬಂದದ್ದು ಅಜ್ಜಿಯ ಕಡೆಯಿಂದ, ಈಗಿನ ಯಜಮಾನರು ನನ್ನ ದೊಡ್ಡ ಮಾವ. ಒಳಬಾಗಿಲ ದಾರಂದದ ಮೇಲೆ 1894 ಎಂದು ಕೆತ್ತಿದೆ. ನಡುವೆ ಆಕಾಶಕ್ಕೆ ತೆರೆದ ಚೌಕ, ಅದರ ಸುತ್ತ ನಾಲ್ಕು ಬದಿಗೂ ಜಗಲಿ, ಪೂರ್ವಕ್ಕೆ ದೈವದ ಚಾವಡಿ, ಬಡಗು ಬದಿಯಲ್ಲಿ ಅಡುಗೆಕೋಣೆ ಮತ್ತು ಬಾವಿ, ಮೇಲೆ ತಗ್ಗು ಮಾಡಿನ, ಎಂದರೆ ತಗ್ಗು ಛಾವಣಿಯ, ಉಪ್ಪರಿಗೆ. ಬುಡದಲ್ಲಿ ಮುರಕಲ್ಲು, ಅದರ ಮೇಲೆ ಮಣ್ಣಿನ ಗೋಡೆ. ಗೋಡೆಯ ದಪ್ಪ ಎರಡು ಅಡಿ ಎರಡು ಅಂಗುಲ. ಇದನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಅಳೆದವನು ನಾನೇ.

ನನ್ನ ಕೆಲಸ ಕಟ್ಟಡದ ನಕ್ಷೆ ಬರೆಯುವುದು. ಉಡುಪಿ, ಮಣಿಪಾಲದ ಸುತ್ತ ಇಪ್ಪತ್ತಾರು ವರ್ಷಗಳಲ್ಲಿ ನಾನು ಬರೆದ ಅಪಾರ್ಟ್‌ಮೆಂಟ್ ನಕ್ಷೆಗಳು ನೂರನ್ನು ದಾಟಿವೆ. ಅವುಗಳಲ್ಲಿ ಎಷ್ಟೋ ಎದ್ದದ್ದು ಹಳೆಯ ಹೆಂಚಿನ ಮನೆಗಳು ಇದ್ದ ಜಾಗದಲ್ಲಿ. ಸರ್ವೆಗೆ ಹೋದಾಗ ಹಳೆಯ ಮನೆಯನ್ನು ನಕ್ಷೆಯಲ್ಲಿ ಚುಕ್ಕೆಗೆರೆಯಿಂದ ತೋರಿಸಿ, ಪಕ್ಕದಲ್ಲಿ "ತೆಗೆಯತಕ್ಕದ್ದು" ಎಂದು ಬರೆಯುವುದು ವಾಡಿಕೆ. ಆ ಚುಕ್ಕೆಗೆರೆಯ ಒಳಗೆ ಏನಿತ್ತು ಎಂದು ನಾನು ಒಮ್ಮೆಯೂ ಅಳೆದಿರಲಿಲ್ಲ. ನಮ್ಮ ಮನೆಯ ಸರದಿ ಬಂದಾಗ ಅದು ನನ್ನನ್ನು ಕಾಡಿತು, ಈಗಲೂ ಕಾಡುತ್ತದೆ.

2021ರಲ್ಲಿ ರಸ್ತೆ ಅಗಲಗೊಳಿಸುವ ನೋಟಿಸು ಬಂತು. ನಮ್ಮ ಜಾಗ ಒಟ್ಟು ಒಂದು ಎಕರೆ ಹನ್ನೆರಡು ಸೆಂಟ್ಸ್. ಅದರಲ್ಲಿ ಒಂಬತ್ತು ಸೆಂಟ್ಸ್ ರಸ್ತೆಗೆ ಹೋಗುತ್ತದೆ. ಆ ಒಂಬತ್ತು ಸೆಂಟ್ಸಿನೊಳಗೇ ಹೆಬ್ಬಾಗಿಲು ಇತ್ತು. ಕಲ್ಲಿನ ಮೆಟ್ಟಿಲು, ಎರಡೂ ಬದಿಗೆ ಕಟ್ಟೆ, ಮೇಲೆ ಕೆತ್ತನೆಯ ಬೋದಿಗೆಯಿದ್ದ ನಾಲ್ಕು ಹಲಸಿನ ಕಂಬ. ಮದುವೆ ದಿಬ್ಬಣ, ದೈವದ ಸೇವೆಯಾದ ತಂಬಿಲಕ್ಕೆ ಬರುವವರು, ಗೇಣಿ ಅಕ್ಕಿಯ ಮುಡಿ ಹೊತ್ತವರು, ಎಲ್ಲರೂ ಅದರ ಕೆಳಗೇ ತಲೆ ತಗ್ಗಿಸಿ ಒಳಗೆ ಬಂದವರು. ಮೌಲ್ಯಮಾಪನಕ್ಕೆ ಬಂದವರು ಹತ್ತು ನಿಮಿಷ ಇದ್ದರು. ಅವರ ಪಟ್ಟಿಯಲ್ಲಿ ಹೆಬ್ಬಾಗಿಲಿಗೆ ಸಿಕ್ಕಿದ್ದು ಒಂದು ಸಾಲು: "ಹಳೆಯ ಹೆಂಚಿನ ಶೆಡ್ಡು." ಮಾವ ಆ ಕಾಗದವನ್ನು ಎರಡು ಸಲ ಓದಿದರು. ಮಡಚಿ ಜೇಬಿಗೆ ಹಾಕಿಕೊಂಡರು. ಆ ದಿನ ಮತ್ತೆ ಮಾತಾಡಲಿಲ್ಲ.

ರಸ್ತೆ ಬೇಡ ಎಂದು ನಾನು ಹೇಳುವುದಿಲ್ಲ. ಆ ತಿರುವಿನಲ್ಲಿ ಸತ್ತವರನ್ನು ನಾವೇ ಎತ್ತಿ ಆಸ್ಪತ್ರೆಗೆ ಸಾಗಿಸಿದ್ದೇವೆ. ಆದರೆ ರಸ್ತೆ ಬರುತ್ತದೆ ಎಂದ ಕೂಡಲೇ ಅದರ ಬೆನ್ನಿಗೆ ಇನ್ನೆರಡು ಬಂದವು. ನಿಜವಾದ ಅಪಾಯ ಆ ಎರಡರಲ್ಲಿ ಇತ್ತು.

ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದ್ದು. ನಾಲ್ಕು ಪಥದ ರಸ್ತೆಗೆ ಮುಖ ಮಾಡಿದ ಒಂದು ಎಕರೆ, ಮಣಿಪಾಲಕ್ಕೆ ಕೂಗಳತೆ ದೂರ. 1953ರಲ್ಲಿ ವೈದ್ಯಕೀಯ ಕಾಲೇಜು ಬರುವ ಮೊದಲು ಮಣಿಪಾಲವೆಂದರೆ ಬರೀ ಮುರಕಲ್ಲಿನ ಬೋಳು ಗುಡ್ಡ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಆ ಗುಡ್ಡದ ನಾಲ್ಕೂ ಮಗ್ಗುಲಿಗೆ ಅಂತಸ್ತುಗಳು ಇಳಿದುಬರುತ್ತಿವೆ. ಜಂಟಿ ಅಭಿವೃದ್ಧಿ ಒಪ್ಪಂದ, ನಮಗೆ ಇಷ್ಟು ಫ್ಲ್ಯಾಟ್, ಅವರಿಗೆ ಇಷ್ಟು. ಮನೆಯ ಮೇಲೆ ಹಕ್ಕಿದ್ದವರು ಹದಿನೇಳು ಮಂದಿ. ಅವರಲ್ಲಿ ಆರು ಜನ ಮುಂಬೈಯಲ್ಲಿ, ಮೂವರು ಕೊಲ್ಲಿಯಲ್ಲಿ, ಇಬ್ಬರು ಬೆಂಗಳೂರಿನಲ್ಲಿ. ಸೋರುವ ಮಾಡಿನ ಪಾಲಿಗಿಂತ ಫ್ಲ್ಯಾಟಿನ ಪಾಲು ಒಳ್ಳೆಯದೆಂದು ಅವರಿಗೆ ಅನ್ನಿಸಿದರೆ ನಾನು ಅವರನ್ನು ದೂರಲಾರೆ.

ಎರಡನೆಯದು ಹೊರಗಿನವರಿಗೆ ಅಷ್ಟು ಬೇಗ ಕಾಣುವುದಿಲ್ಲ. ಅದು ಪ್ರೀತಿಯಿಂದ ಬರುವ ಅಪಾಯ. ಕರಾವಳಿಯಲ್ಲಿ ಕಳೆದ ಕೆಲವು ದಶಕಗಳಲ್ಲಿ ಕುಟುಂಬದ ಮನೆಗಳು ಬಿದ್ದದ್ದಕ್ಕಿಂತ ಜೀರ್ಣೋದ್ಧಾರವಾಗಿ ಹೋದದ್ದೇ ಹೆಚ್ಚೆಂದು ನನಗೆ ಅನ್ನಿಸುತ್ತದೆ. ಮುಂಬೈಯಲ್ಲಿ ಹೋಟೆಲು ನಡೆಸಿ ಬೆಳೆದವರು, ದೈವದ ಮೇಲೆ ಭಯಭಕ್ತಿ ಇರುವವರು, ಒಟ್ಟಾಗಿ ಲಕ್ಷಗಟ್ಟಲೆ ಹಾಕುತ್ತಾರೆ. ಹಳೆಯದನ್ನು ಜೆಸಿಬಿಯಿಂದ ಕೆಡವಿ ಅದೇ ಪಾಯದ ಮೇಲೆ ಕಾಂಕ್ರೀಟಿನ ಚೌಕಿ ಕಟ್ಟುತ್ತಾರೆ. ನೆಲಕ್ಕೆ ಗ್ರಾನೈಟ್, ಕಂಬಕ್ಕೆ ಮರದ ಬಣ್ಣ, ಗೃಹಪ್ರವೇಶಕ್ಕೆ ಎರಡು ಸಾವಿರ ಜನ. ನನ್ನ ದೊಡ್ಡಮ್ಮನ ಮಗ, ಕುಟುಂಬದಲ್ಲಿ ಎಲ್ಲರಿಗಿಂತ ಹೆಚ್ಚು ಕೊಡುವ ಮನಸ್ಸಿದ್ದವನು, "ದೈವಕ್ಕೆ ಸೋರುವ ಚಾವಡಿ ಯಾಕೆ? ಐವತ್ತು ಲಕ್ಷ ನಾನೊಬ್ಬನೇ ಹಾಕುತ್ತೇನೆ, ಹೊಸತು ಕಟ್ಟೋಣ" ಎಂದಾಗ ಯಾರಿಗೂ ಎದುರು ಮಾತು ಹೊಳೆಯಲಿಲ್ಲ. ಬಿಲ್ಡರನಿಗೆ ಇಲ್ಲ ಎನ್ನುವುದು ಸುಲಭ. ಅಣ್ಣನಿಗೆ ಇಲ್ಲ ಎನ್ನುವುದು ಹೇಗೆ?

ಆ ದಿನಗಳಲ್ಲಿ ನಾನು ಮಣಿಪಾಲದ ಹೆರಿಟೇಜ್ ವಿಲೇಜಿಗೆ ಮತ್ತೆ ಮತ್ತೆ ಹೋಗುತ್ತಿದ್ದೆ. ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಟ್ರಸ್ಟಿನ ಜಾಗ ಅದು. ಶೆಣೈಯವರು ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದವರು, ವಾಸ್ತುಶಿಲ್ಪ ಓದಿದವರಲ್ಲ. ಊರೂರಿನಲ್ಲಿ ದೊಡ್ಡ ಮನೆಗಳು ಬೀಳುತ್ತಿದ್ದ ಕಾಲ. ಕೆತ್ತನೆಯ ಕಂಬ, ಬಾಗಿಲುಗಳು ಸೌದೆಯ ಬೆಲೆಗೆ ಹೋಗುವುದನ್ನು ಕಂಡು ಅವರು ಕೊಳ್ಳತೊಡಗಿದರು. ಹಾಗೆ ಕೂಡಿಸಿದ ತುಂಡುಗಳಿಂದಲೇ ಮೊದಲು ತಮ್ಮ ಸ್ವಂತ ಮನೆ ಹಸ್ತಶಿಲ್ಪವನ್ನು ಕಟ್ಟಿಕೊಂಡರು. ಆಮೇಲೆ ತುಂಡುಗಳನ್ನು ಬಿಟ್ಟು ಇಡಿಯ ಮನೆಗಳನ್ನೇ ಬಿಚ್ಚಿ ತರುವ ಕೆಲಸಕ್ಕೆ ಕೈ ಹಾಕಿದರು. ಕುಂಜೂರಿನ ಚೌಕಿಮನೆ, ಹರ್ಕೂರಿನ ಮನೆ, ಮಿಯಾರಿನ ಮನೆ, ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್, ಬೀದರ್ ಕಡೆಯ ನವಾಬ ಮಹಲ್, ಎಲ್ಲವೂ ಆರು ಎಕರೆಯಷ್ಟು ಕಲ್ಲುನೆಲದ ಮೇಲೆ ಅಕ್ಕಪಕ್ಕ ನಿಂತಿವೆ. ಪ್ರತಿ ಮನೆಯ ಚಿತ್ರ ತೆಗೆದು, ಅಳೆದು, ಮರಕ್ಕೆ ಮರ ಗುರುತು ಹಾಕಿ, ಬಿಚ್ಚಿ, ಲಾರಿಯಲ್ಲಿ ತಂದು, ಮತ್ತೆ ಜೋಡಿಸಿದ್ದು. ಶೆಣೈಯವರು 2017ರಲ್ಲಿ ತೀರಿಕೊಂಡರು.

ಕುಂಜೂರು ಚೌಕಿಮನೆಯ ಒಳಗೆ ನಿಂತಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನಮ್ಮ ಮನೆಯದೇ ಜಾಯಮಾನ, ಇನ್ನೂ ಹಳೆಯದು. ಆ ಮನುಷ್ಯ ಮಾಡಿದ್ದನ್ನು ಒಂದು ವಿಶ್ವವಿದ್ಯಾಲಯ ಇಡೀ ಸೇರಿ ಮಾಡಿದ್ದರೂ ಹೆಚ್ಚೇ. ಆದರೂ ಅಲ್ಲಿಂದ ಹೊರಬರುವಾಗ ಪ್ರತಿ ಸಲ ಒಂದು ಸಂಕಟ. ಬಾವಿ ಎಲ್ಲಿ? ಹಟ್ಟಿಯ ವಾಸನೆ ಎಲ್ಲಿ? ಗದ್ದೆಯ ಕಡೆಯಿಂದ ಬರುವ ಗಾಳಿಗೆಂದೇ ಆ ಪಡುಗಿಟಕಿಯನ್ನು ಅಷ್ಟು ಕೆಳಗೆ ಇಟ್ಟಿದ್ದಾರೆ, ಗದ್ದೆ ಎಲ್ಲಿ? ನಾಗಬನವನ್ನು ಲಾರಿಯಲ್ಲಿ ತರಲಾಗುವುದಿಲ್ಲ. ತರಲಾಗದ್ದನ್ನು ಅವರು ತರಲಿಲ್ಲ ಎಂದು ದೂರುವುದು ಕೃತಘ್ನತೆ. ಅವರ ಮುಂದಿದ್ದ ಆಯ್ಕೆ ಇದ್ದಲ್ಲೇ ಉಳಿಸುವುದೋ ತರುವುದೋ ಎಂಬುದಾಗಿರಲಿಲ್ಲ, ತರುವುದೋ ಒಲೆಗೆ ಹಾಕುವುದೋ ಎಂಬುದಾಗಿತ್ತು. ನಮ್ಮ ಮುಂದೆ ಇನ್ನೂ ಮೊದಲನೆಯ ಆಯ್ಕೆ ಇತ್ತು. ಅದಿದ್ದಾಗ ಎರಡನೆಯದಕ್ಕೆ ಕೈ ಹಾಕಬಾರದು ಎಂದು ನಾನು ತೀರ್ಮಾನಿಸಿದೆ. ಮನೆ ಅಲ್ಲೇ ಇರಬೇಕು. ಹೆಬ್ಬಾಗಿಲೊಂದು ಹದಿನೆಂಟು ಮೀಟರ್ ಹಿಂದೆ ಸರಿಯಲಿ.

ಮನೆಗಳು ಯಾಕೆ ಬಿದ್ದವು ಎಂಬ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 1974ರ ಭೂಸುಧಾರಣೆಯಿಂದಲೇ ಗುತ್ತಿನ ಮನೆಗಳು ಹಾಳಾದವು ಎಂದು ನಮ್ಮಲ್ಲಿ ಹಿರಿಯರು ಇಂದಿಗೂ ನಿಟ್ಟುಸಿರು ಬಿಡುತ್ತಾರೆ. ಗೇಣಿ ಬರುವುದು ನಿಂತಿತು, ವರ್ಷಾವರ್ಷ ಮಾಡು ಕೈಯಾಡಿಸಲು, ಎಂದರೆ ಹೆಂಚು ತೆಗೆದು ಸರಿಪಡಿಸಿ ಮತ್ತೆ ಹೊದೆಸಲು, ದುಡ್ಡಿರಲಿಲ್ಲ, ಮನೆ ಕುಸಿಯಿತು. ಲೆಕ್ಕ ಸರಿ, ನಿಟ್ಟುಸಿರು ಸರಿಯಲ್ಲ. ನಮ್ಮ ಒಕ್ಕಲಾಗಿದ್ದವರ ಮಗ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ. ಅವನ ತಂದೆ ತಾನೇ ಉಳುವವನೆಂದು ಡಿಕ್ಲರೇಶನ್ ಕೊಟ್ಟು ಪಡೆದ ಗದ್ದೆ ಇಲ್ಲದಿದ್ದರೆ ಅವನು ಶಾಲೆಗೆ ಬರುತ್ತಿರಲಿಲ್ಲ. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯ. ನಮ್ಮ ಚಾವಡಿಯ ತೊಲೆಗಳು ಅವರ ಅಕ್ಕಿಯಿಂದ ಎದ್ದವು ಎಂಬುದನ್ನು ಮರೆತು ಆ ಮನೆಯನ್ನು ಉಳಿಸಹೊರಟರೆ ಉಳಿಯುವುದು ಜಂಬ ಮಾತ್ರ. ಹೆಬ್ಬಾಗಿಲು ಬಿಚ್ಚುವಾಗ ಕಂಬಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಇದ್ದ. ಕರೆದದ್ದು ನಾನಲ್ಲ, ತಾನಾಗಿ ಬಂದ.

ಬಿಚ್ಚುವ ಮೊದಲು ನಾಲ್ಕು ತಿಂಗಳು ಭಾನುವಾರಗಳಲ್ಲಿ ಇಡೀ ಮನೆಯನ್ನು ಅಳೆದೆ. ಮಗಳು ಟೇಪಿನ ತುದಿ ಹಿಡಿದಳು. ಹೊಸ ಕಟ್ಟಡದ ನಕ್ಷೆಯಲ್ಲಿ ಮೂಲೆ ಎಂದರೆ ತೊಂಬತ್ತು ಡಿಗ್ರಿ, ಗೆರೆ ಎಂದರೆ ನೇರ. ಇಲ್ಲಿ ಯಾವ ಕೋಣೆಯೂ ಹಾಗಿಲ್ಲ. ಚೌಕದ ನಾಲ್ಕು ಬದಿ ನಾಲ್ಕು ಅಳತೆ, ಆದರೂ ನಡುವೆ ನಿಂತರೆ ಸಮಚೌಕವಾಗಿಯೇ ಕಾಣುತ್ತದೆ. ಉಪ್ಪರಿಗೆಯ ಮೆಟ್ಟಿಲಿನ ಎತ್ತರ ಮೇಲೆ ಹೋದಂತೆ ಒಂದೊಂದು ನೂಲು ಕಡಿಮೆ. ದಣಿದ ಕಾಲಿಗೆ ಮೇಲಿನ ಮೆಟ್ಟಿಲು ಹಗುರ. ಇಪ್ಪತ್ತಾರು ವರ್ಷ ನಕ್ಷೆ ಬರೆದ ನನಗೆ ಇದು ಯಾರೂ ಕಲಿಸಿಕೊಟ್ಟಿರಲಿಲ್ಲ.

ಅಳೆಯುತ್ತ ಹೋದಂತೆ ಮನೆಯ ಕಾಯಿಲೆಗಳೂ ತಿಳಿದವು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಒಂದು ಹೆಂಚು ಜಾರಿದರೆ ಮೊದಲು ಅದರಡಿಯ ರೀಪು ಕೊಳೆಯುತ್ತದೆ, ಆಮೇಲೆ ಪಕ್ಕಾಸಿನ ತುದಿ, ಆಮೇಲೆ ನೀರು ಮಣ್ಣಿನ ಗೋಡೆಯ ನೆತ್ತಿಗೆ ಇಳಿಯುತ್ತದೆ. ಗೋಡೆ ಹೊರಗಿನಿಂದ ನೆಟ್ಟಗೆ ನಿಂತಿರುತ್ತದೆ, ಒಳಗೆ ಹಿಟ್ಟಾಗಿರುತ್ತದೆ. ಪಡುಗೋಡೆಗೆ ತೊಂಬತ್ತರ ದಶಕದಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ಸಿಮೆಂಟ್ ಗಿಲಾಯಿ ಮಾಡಿಸಿದ್ದರು. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡುತ್ತದೆ, ಕುಡಿದ ನೀರನ್ನು ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಸಿಮೆಂಟ್ ಬಿಡಗೊಡುವುದಿಲ್ಲ. ಆ ಗಿಲಾಯಿಯನ್ನು ಕೆತ್ತಿ ತೆಗೆದಾಗ ಹಿಂದಿನ ಮಣ್ಣು ಜನವರಿಯಲ್ಲೂ ಒದ್ದೆಯಾಗಿತ್ತು, ಒರಲೆ ಗೂಡು ಕಟ್ಟಿತ್ತು. ಹಳೆಯ ಮನೆ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ: ಬೇರೇನೂ ಮಾಡಲಾಗದಿದ್ದರೂ ಪರವಾಗಿಲ್ಲ, ಏಪ್ರಿಲಿನಲ್ಲಿ ಹೆಂಚು ಕೈಯಾಡಿಸಿ, ಮಣ್ಣಿನ ಗೋಡೆಗೆ ಸಿಮೆಂಟ್ ಹಚ್ಚಬೇಡಿ.

ಕಾನೂನಿನ ಬಾಗಿಲು ತಟ್ಟಿಯೂ ನೋಡಿದೆ. ಪ್ರಾಚೀನ ಸ್ಮಾರಕಗಳಿಗೆ ರಾಜ್ಯದಲ್ಲಿ 1961ರ ಕಾಯ್ದೆ ಇದೆ, ಆದರೆ ಅದರ ರಕ್ಷಣೆ ಸರ್ಕಾರ ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳಿಗೆ. ಜನ ವಾಸಿಸುವ ಕುಟುಂಬದ ಮನೆಯನ್ನು ಉಳಿಸುವುದು ಕೊನೆಗೂ ಆ ಕುಟುಂಬದ ರುಜುಗಳೇ.

ಈಗ ಮಳೆಯ ಮರುದಿನಕ್ಕೆ ಬರುತ್ತೇನೆ.

ಹೆಬ್ಬಾಗಿಲಿನ ಕೆಲಸಕ್ಕೆ ನಾವು ಕರೆಸಿದ್ದ ಮರಗೆಲಸದ ಆಚಾರ್ಯರಿಗೆ ಆಗ ಎಪ್ಪತ್ತೊಂದು ವರ್ಷ. ಬೆಳಿಗ್ಗೆ ಎಂಟಕ್ಕೆ ಚೀಲ ಹೆಗಲಿಗೆ ಹಾಕಿಕೊಂಡು ಬಂದರು. ನನ್ನ ಮುಖ ನೋಡಿದರು, ಮರಗಳನ್ನು ನೋಡಿದರು. ಏನೂ ಹೇಳದೆ ಒಂದು ಪಕ್ಕಾಸಿನ ಬಳಿ ಕುಕ್ಕರಗಾಲಿನಲ್ಲಿ ಕೂತು ಅದನ್ನು ಮಗುಚಿದರು. ಗೋಡೆಪಟ್ಟಿಯ ಮೇಲೆ ಕೂರುವ ತುದಿಯಲ್ಲಿ, ಒಳಮೈಗೆ, ನೂರಿಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಹೆಬ್ಬೆರಳಿನಿಂದ ಉಜ್ಜಿದರು. ಧೂಳಿನ ಕಪ್ಪು ಹೋಗಿ ಮರದ ಕಂದು ಕಂಡಿತು. ಕಂದಿನಲ್ಲಿ ಗೀರುಗಳು ಕಂಡವು.

"ಎಣಿಸಿ" ಎಂದರು.

ನಾಲ್ಕು ನೆಟ್ಟ ಗೀರು, ಅವುಗಳ ಮೇಲೆ ಒಂದು ಓರೆ. ಉಳಿಯ ಬಾಯಿಯಷ್ಟೇ ಅಗಲ, ಅಕ್ಕಿಕಾಳಿನಷ್ಟು ಆಳ. ಅವರು ಇನ್ನೊಂದನ್ನು ಮಗುಚಿದರು. ಅದರಲ್ಲಿ ಏಳು ಗೀರು, ಓರೆ ಇಲ್ಲ. ಮತ್ತೊಂದರಲ್ಲಿ ಏಳು ಗೀರು, ಓರೆ ಇದೆ. ಗೋಡೆಪಟ್ಟಿಯನ್ನು ತಿರುಗಿಸಿದೆವು. ಪ್ರತಿ ಗುಳಿಯ ಪಕ್ಕದಲ್ಲಿ ಅದೇ ಲೆಕ್ಕ. ಓರೆ ಇದ್ದದ್ದು ಬಲಬದಿಯ ಮಾಡಿಗೆ, ಓರೆ ಇಲ್ಲದ್ದು ಎಡಬದಿಗೆ.

"ಅವರೂ ನೆಲದ ಮೇಲೆ ಜೋಡಿಸಿ, ಬಿಚ್ಚಿ, ಮೇಲೆ ಹತ್ತಿಸಿದವರು" ಎಂದರು ಆಚಾರ್ಯರು. "ಗುರುತು ಹಾಕದಿದ್ದರೆ ಅವರಿಗಾದರೂ ಹೇಗೆ ತಿಳಿಯಬೇಕು? ನೀವು ಸುಣ್ಣದಲ್ಲಿ ಬರೆಯುವಾಗಲೇ ನಾನು ಹೇಳಬೇಕಿತ್ತು. ನೀವು ಓದಿದವರು, ನಿಮ್ಮದೊಂದು ಕ್ರಮ ಇರಬಹುದು ಎಂದು ಸುಮ್ಮನಿದ್ದೆ."

ಆ ಮನೆಯನ್ನು ಕಟ್ಟಿಸಿದವರ ಹೆಸರು ನಮಗೆ ಗೊತ್ತು. ಚಾವಡಿಯಲ್ಲಿ ಅವರ ನಂತರದವರ ಭಾವಚಿತ್ರಗಳಿವೆ. ಕಟ್ಟಿದವರ ಹೆಸರು ಒಂದೂ ಗೊತ್ತಿಲ್ಲ. ಮೂವತ್ತಾರು ಮರಗಳ ಒಳಮೈಯಲ್ಲಿ ಅವರ ಕೈ ಮಾತ್ರ ಇತ್ತು. ಒಬ್ಬನದು ಆಳವಾದ, ಗಟ್ಟಿಯಾದ ಗೀರು. ಇನ್ನೊಬ್ಬನದು ತೆಳು, ಸ್ವಲ್ಪ ಎಡಕ್ಕೆ ವಾಲಿದ್ದು. ಇಬ್ಬರಿದ್ದರು ಎಂದು ಆಚಾರ್ಯರು ಒಂದು ಗಂಟೆಯೊಳಗೆ ಹೇಳಿದರು. ಎಡಕ್ಕೆ ವಾಲಿದ್ದು ಎಳೆಯವನದಿರಬೇಕು, ಕಲಿಯುತ್ತಿದ್ದವನು ಎಂದರು.

ನಾನು ಎಲ್ಲದರ ಚಿತ್ರ ತೆಗೆದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಆರು ತಿಂಗಳು ವಾದ ಮಾಡಿ ಆಗದ್ದು ಇದರಿಂದ ಆಯಿತು ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ ಐವತ್ತು ಲಕ್ಷ ಕೊಡುತ್ತೇನೆ ಎಂದಿದ್ದ ಅಣ್ಣ ಅದೇ ವಾರ ಮುಂಬೈಯಿಂದ ಬಂದ. ಅಂಗಳದಲ್ಲಿ ಮಂಡಿಯೂರಿ ಕೂತು ತಾನೂ ಒಂದು ಪಕ್ಕಾಸು ಉಜ್ಜಿದ. ಸಂಜೆ ಮಾವನ ಎದುರು, "ಹೊಸತು ಕಟ್ಟುವುದು ಬೇಡ ಮಾವ. ಇದನ್ನೇ ಸರಿ ಮಾಡಿಸೋಣ. ದುಡ್ಡು ಅಷ್ಟೇ ಕೊಡುತ್ತೇನೆ" ಎಂದ. ಮಾವ "ಅಷ್ಟು ಬೇಡ" ಎಂದರು. ನಿಜವಾಗಿಯೂ ಅಷ್ಟು ಬೇಕಾಗಲಿಲ್ಲ. ಮಾಡು, ಪಡುಗೋಡೆ, ಹೆಬ್ಬಾಗಿಲು ಎಲ್ಲ ಸೇರಿ ಹತ್ತೊಂಬತ್ತು ಲಕ್ಷದಲ್ಲಿ ಮುಗಿಯಿತು.

ಎಲ್ಲರೂ ಒಪ್ಪಿದರು ಎಂದಲ್ಲ. ವಿಭಾಗಪತ್ರಕ್ಕೆ ಹದಿನೇಳು ರುಜು ಬೀಳಲು ಒಂದು ವರ್ಷ ನಾಲ್ಕು ತಿಂಗಳು ಹಿಡಿಯಿತು. ಮನೆ, ಬಾವಿ, ನಾಗಬನ, ಅಂಗಳ ಸೇರಿದ ಮೂವತ್ತನಾಲ್ಕು ಸೆಂಟ್ಸನ್ನು ಪಾಲು ಮಾಡದೆ ಕುಟುಂಬದ ಹೆಸರಿನಲ್ಲೇ ಇಟ್ಟೆವು. ಮಾರುವುದಾದರೆ ಎಲ್ಲರ ಒಪ್ಪಿಗೆ ಬೇಕು ಎಂದು ಬರೆಸಿದೆವು. ಉಳಿದ ಅರವತ್ತೊಂಬತ್ತು ಸೆಂಟ್ಸ್ ಪಾಲಾಯಿತು. ಪಡು ಬದಿಯ ಪಾಲುದಾರರು ತಮ್ಮ ಭಾಗವನ್ನು ಮಾರಿದ್ದಾರೆ. ಅಲ್ಲಿ ಈಗ ಏಳು ಅಂತಸ್ತು ಏಳುತ್ತಿದೆ. ಇನ್ನೆರಡು ವರ್ಷದಲ್ಲಿ ನಮ್ಮ ಚೌಕಕ್ಕೆ ಸಂಜೆಯ ಬಿಸಿಲು ನಾಲ್ಕು ಗಂಟೆಗೇ ನಿಂತುಹೋಗುತ್ತದೆ. ಲೆಕ್ಕ ಹಾಕಿ ನೋಡಿದ್ದೇನೆ.

ಆ ಕಟ್ಟಡದ ನಕ್ಷೆಯ ಕೆಲಸ ನನ್ನ ಟೇಬಲಿಗೇ ಬಂತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಬಿಟ್ಟರೆ ಬೇರೆಯವರು ಬರೆಯುತ್ತಾರೆ, ಅವರಿಗೆ ನಮ್ಮ ಪಡುಗೋಡೆ ಮಣ್ಣಿನದೆಂದು ತಿಳಿಯುವುದಿಲ್ಲ. ನಾನೇ ಬರೆದೆ. ಗಡಿಯಿಂದ ಬಿಡಬೇಕಾದ ಜಾಗಕ್ಕಿಂತ ಹೆಚ್ಚು ಬಿಡಿಸಿದೆ, ಮಳೆನೀರಿನ ಚರಂಡಿಯನ್ನು ನಮ್ಮ ಕಡೆಯಿಂದ ತಿರುಗಿಸಿ ಉತ್ತರದ ತೋಡಿಗೆ ಒಯ್ದೆ, ಪಾಯ ಅಗೆಯುವಾಗ ಬಂಡೆ ಒಡೆಯಲು ಸಿಡಿಮದ್ದು ಬಳಸಬಾರದೆಂದು ಟಿಪ್ಪಣಿ ಹಾಕಿದೆ. ಬಿಲ್ಡರರು ಚರಂಡಿಗೆ ಒಪ್ಪಿದರು, ಜಾಗದ ವಿಷಯದಲ್ಲಿ ಅರ್ಧ ಒಪ್ಪಿದರು. ಆ ನಕ್ಷೆಯ ಪೂರ್ವದ ಅಂಚಿನಲ್ಲಿ ನಮ್ಮ ಮನೆ ಇದೆ. ಚುಕ್ಕೆಗೆರೆಯಲ್ಲಿ ಅಲ್ಲ, ತುಂಬುಗೆರೆಯಲ್ಲಿ, ಗೋಡೆಯ ದಪ್ಪ ಎರಡು ಅಡಿ ಎರಡು ಅಂಗುಲ ಎಂದು ಬರೆದು.

ಹೆಬ್ಬಾಗಿಲು ಹಿಂದೆ ಸರಿದು ನಿಂತಿದೆ. ಪೂರ್ತಿ ಹಿಂದಿನಂತಿಲ್ಲ. ಒಂದು ಬೋದಿಗೆಯನ್ನು ಅಂಗಳದಿಂದ ಯಾರೋ ರಾತ್ರಿ ಹೊತ್ತುಕೊಂಡು ಹೋದರು. ಕೆತ್ತನೆಯ ಮರಕ್ಕೆ ಈಗ ಎಲ್ಲೆಲ್ಲಿಂದಲೋ ಗಿರಾಕಿಗಳಿದ್ದಾರೆ. ಆ ಜಾಗದಲ್ಲಿ ಕೆತ್ತನೆ ಇಲ್ಲದ ಸಾದಾ ಬೋದಿಗೆ ಇಟ್ಟಿದ್ದೇವೆ. ಹಳೆಯದರ ನಕಲು ಮಾಡಿಸೋಣ ಎಂದು ಅಣ್ಣ ಹೇಳಿದ, ಕಳೆದುಹೋದದ್ದು ಕಳೆದುಹೋದಂತೆಯೇ ಕಾಣಲಿ ಎಂದೆ. ಕಲ್ಲಿನ ಮೆಟ್ಟಿಲುಗಳಲ್ಲಿ ನಡುವಿನದು ಎತ್ತುವಾಗ ಒಡೆಯಿತು.

ಹೆಂಚಿಗಾಗಿ ಬಹಳ ಅಲೆದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ಇಡೀ ಕರಾವಳಿಯ ಮಾಡಿನ ರೂಪವೇ ಬದಲಾಯಿತು. ಒಂದು ಕಾರ್ಖಾನೆಯ ಹೆಂಚಿನ ತೋಡಿಗೆ ಇನ್ನೊಂದರ ಅಂಚು ಸರಿಯಾಗಿ ಕೂರುವುದಿಲ್ಲ, ಕೂಡಿಸಿ ಹೊದೆಸಿದರೆ ಸೋರುತ್ತದೆ. ನಮ್ಮದೇ ಅಚ್ಚಿನ ಇನ್ನೂರ ಎಂಬತ್ತು ಹೆಂಚು ಕೊನೆಗೆ ಸಿಕ್ಕಿದ್ದು ಕೆಡವುತ್ತಿದ್ದ ಒಂದು ಹಳೆಯ ಶಾಲೆಯಲ್ಲಿ. ತರುವಾಗ ಸಂತೋಷ ಅರ್ಧ, ಸಂಕಟ ಅರ್ಧ.

ಕಳೆದ ಏಪ್ರಿಲಿನಲ್ಲಿ ಚಾವಡಿಯ ಮಾಡು ಕೈಯಾಡಿಸಿದೆವು. ಹನ್ನೊಂದನೆಯ ಪಕ್ಕಾಸು ಕುಟ್ಟೆ ಹುಳು ಹಿಡಿದು ಟೊಳ್ಳಾಗಿತ್ತು. ಬದಲಿಗೆ ನಮ್ಮದೇ ಹಿತ್ತಲಿನ, ಗಾಳಿಗೆ ಬಿದ್ದು ಎರಡು ವರ್ಷ ಒಣಗಿಸಿಟ್ಟಿದ್ದ ಹಲಸಿನ ಮರದಿಂದ ಆಚಾರ್ಯರು ಹೊಸತು ಮಾಡಿದರು. ಹೊಸ ಹಲಸು ಅರಸಿನದ ಬಣ್ಣ, ಹಳೆಯ ಕಂದು ಪಕ್ಕಾಸುಗಳ ನಡುವೆ ಎದ್ದು ಕಾಣುತ್ತದೆ. ಮೇಲಕ್ಕೆ ಹತ್ತಿಸುವ ಮೊದಲು ಅವರು ಅದನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ತುದಿಯಲ್ಲಿ ಉಳಿ ಹೂಡಿದರು. ಹನ್ನೊಂದು ಗೀರು, ಒಂದು ಓರೆ. ಮಾವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡುತ್ತ ಕೂತಿದ್ದರು. ಅವರಿಗೆ ಈಗ ಎಂಬತ್ತೊಂದು, ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಕೈ ಚಾಚಿ ಬೆರಳಿನಿಂದ ಒಂದೊಂದೇ ಗೀರನ್ನು ಮುಟ್ಟಿ ಎಣಿಸಿದರು. "ಹನ್ನೊಂದೇ ಇದೆ, ಹತ್ತಿಸಿ" ಎಂದರು.